ಗುರುಗಳು ಹಾಕಿದ ಪ್ಲಾಸ್ಟರು

ಜೂನ್ 9, ಸೋಮವಾರ
ಓಪಿಡಿ ಕಿಕ್ಕಿರಿದಿತ್ತು. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ ಪೇಂಟರ್ ಮತ್ತೆ ಬಂದ. ಪ್ಲಾಸ್ಟರು ಬಿಗಿ, ನೋವು ಎಂದ. ಹಾಕಿದ್ದು ನಮ್ಮ ವಿಭಾಗದ ಮುಖ್ಯಸ್ಥರು — ನನಗೆ ಮೂಳೆ ಚಿಕಿತ್ಸೆ ಕಲಿಸಿದ ಗುರುಗಳು. "ಸೀಳಿ ಸಡಿಲ ಮಾಡಿ" ಎಂದರು. ಎರಡು ಮಾತಿಲ್ಲ.

ಜೂನ್ 11
ಮಗಳು ಗುಂಡಮ್ಮ ಶಾಲೆಯ ಜಾರುಬಂಡೆಯಿಂದ ಬಿದ್ದಳು. ಮೊಣಕೈಗೆ ತುಸು ಮೇಲೆ, ಮಕ್ಕಳು ಮುರಿದುಕೊಳ್ಳುವ ಜಾಗವೇ. ದಿನಾ ನೋಡುವ ಎಕ್ಸ್‌ರೇ. ಇವತ್ತು ನನ್ನ ಮಗಳದು. ಗುರುಗಳನ್ನೇ ಕೇಳಿಕೊಂಡೆ. ಅರಿವಳಿಕೆ ಕೊಟ್ಟು ಮೂಳೆ ಕೂರಿಸಿ, ಮೊಣಕೈ ಪೂರಾ ಮಡಚಿ ಪ್ಲಾಸ್ಟರು ಹಾಕಿದರು. ಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದ ಎಕ್ಸ್‌ರೇ.

ಜೂನ್ 12, ಬೆಳಿಗ್ಗೆ
ಅಳು ನಿಂತಿಲ್ಲ. ನೋವಿನ ಔಷಧಿಗೂ ಜಗ್ಗುತ್ತಿಲ್ಲ.
"ಹಠ ಅಷ್ಟೇ. ನಿನ್ನ ಕಂಡ್ರೆ ಜಾಸ್ತಿ ಆಗುತ್ತೆ. ತಾಯಿಯಾಗಿ ನೋಡ್ಬೇಡ, ಡಾಕ್ಟರಾಗಿ ನೋಡು" ಎಂದರು ಗುರುಗಳು.
ಡಾಕ್ಟರಾಗಿಯೇ ನೋಡಿದೆ. ಬೆರಳು ತಣ್ಣಗೆ. ಮೆಲ್ಲಗೆ ನೇರ ಮಾಡಿದರೂ ಚೀರುತ್ತಾಳೆ. ಒಳಗೆ ಊತ, ಸುತ್ತ ಪ್ಲಾಸ್ಟರು. ರಕ್ತ ಹರಿಯದೆ ಮಾಂಸಖಂಡ ಸತ್ತರೆ ಆ ಕೈ ಮತ್ತೆ ಕೈಯಾಗುವುದಿಲ್ಲ. ಹೇಳಿದೆ.
"ಈಗ ಬಿಚ್ಚಿದ್ರೆ ಮೂಳೆ ಜಾರುತ್ತೆ. ಸಾಯಂಕಾಲ ನೋಡೋಣ."
ಒಬ್ಬರು ಹಾಕಿದ ಪ್ಲಾಸ್ಟರನ್ನು ಅವರು ಹೇಳದೆ ಇನ್ನೊಬ್ಬರು ಮುಟ್ಟಬಾರದು — ನಮ್ಮವರ ದೊಡ್ಡ ಮರ್ಯಾದೆ ಇದು. ಬಾಯಿಗೆ ಬೀಗ ಹಾಕಿಕೊಂಡು ಬಂದೆ. ಥೂ.

ಮಧ್ಯಾಹ್ನ
"ಅಮ್ಮಾ, ನಾನು ಹಠ ಮಾಡ್ತಿಲ್ಲ." ಅಳುವುದಕ್ಕೂ ತ್ರಾಣವಿಲ್ಲದೆ ಹೇಳಿದಳು.
ಸಿಟ್ಟು ನೆತ್ತಿಗೇರಿತು. ಪೇಂಟರ್ ನೋವು ಎಂದರೆ ನೋವು, ಆರು ವರ್ಷದವಳು ಎಂದರೆ ಹಠ… ಯಾವ ಪುಸ್ತಕದಲ್ಲಿದೆ ಇದು? ಕಟರ್ ತಂದು ನಾನೇ ಸೀಳಿದೆ. ಪ್ಲಾಸ್ಟರು, ಹತ್ತಿ, ಚರ್ಮ ಕಾಣುವವರೆಗೂ. ಮಡಚಿದ ಮೊಣಕೈ ಸಡಿಲಿಸಿದೆ. ಬೆರಳಿಗೆ ಬಣ್ಣ ಬಂತು. ಹಾಗೇ ನಿದ್ದೆ ಹೋದಳು.
ಬಾಗಿಲಲ್ಲಿ ಗುರುಗಳು. "ಯಾರನ್ನ ಕೇಳಿ ಮುಟ್ಟಿದೆ?"
"ಇವಳನ್ನ ಕೇಳಿ, ಸರ್."

ಜೂನ್ 13
ಮೂಳೆ ಜಾರಿತ್ತು. ಅದೊಂದು ಅವರು ಹೇಳಿದ್ದು ನಿಜ. ಇನ್ನೊಬ್ಬ ಸರ್ಜನ್ ಎರಡು ತಂತಿ ಹಾಕಿ ಕೂರಿಸಿದರು. ಜಾರಿದ ಮೂಳೆಗೆ ತಂತಿ ಇದೆ, ಸತ್ತ ಮಾಂಸಕ್ಕೆ ಏನಿದೆ? 'ಗುರುವಿಗೇ ತಿರುಮಂತ್ರ' ಎಂದು ಗುರುಗಳು ನನ್ನ ಬಗ್ಗೆ ಕಾರಿಡಾರಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ. ತಿರುಗಲಿ.

ಜೂನ್ 20
ಊತ ಇಳಿದಿದೆ. ಬೆರಳೆಲ್ಲ ಬೆಚ್ಚಗೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡು ಎಂದೆ. ನಾಲಿಗೆ ಹೊರಗೆ ಹಾಕಿ ಪ್ರಯತ್ನಿಸಿದಳು. ತುದಿಗಳು ಮಡಚಿಕೊಳ್ಳಲೇ ಇಲ್ಲ.
"ಬರ್ತಿಲ್ಲಮ್ಮ. ಇನ್ನೊಂದ್ಸಲ ಮಾಡ್ಲಾ?"
ನರಕ್ಕೆ ಪೆಟ್ಟಾಗಿದೆ. ಮಕ್ಕಳಲ್ಲಿ ಸಾಮಾನ್ಯವಾಗಿ ವಾಪಸ್ ಬರುತ್ತದೆ. ತಿಂಗಳುಗಳು ಬೇಕು. ಬೇರೆ ತಾಯಂದಿರಿಗೆ ಎಷ್ಟು ಸಲೀಸಾಗಿ ಹೇಳಿದ್ದೇನೆ ಇದನ್ನು. ಬಿದ್ದಾಗಲೇ ಆದದ್ದೋ, ಪ್ಲಾಸ್ಟರಿನೊಳಗೆ ಆದದ್ದೋ — ಯಾರೂ ಹೇಳಲಾರರು. ಆದರೆ ಅವತ್ತು ಬೆಳಿಗ್ಗೆಯೇ ನಾನು ಕಟರ್ ತಂದಿದ್ದರೆ—