ಹತ್ತಕ್ಕೆ ಬಾ

ಕಲ್ಲಿಕೋಟೆ, ಮಂಗಳವಾರ

ಪ್ರೀತಿಯ ಸುಹರಾಬಿ ಉಮ್ಮನಿಗೆ,

ನಿಮ್ಮ ಮಗ ಅನ್ಸಿಲ್‌ನ ಕೆಲಸ ಹೋಗಿಲ್ಲ. ಮೊದಲು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಿ.

ಹುಡುಗ ದಿನವೂ ತಡವಾಗಿ ಬರುತ್ತಾನೆಂದು ಹಲ್ವದಂಗಡಿಯ ಬೀರಾನ್ ಇಕ್ಕ ಸಿಟ್ಟಾಗಿ, ಅವನನ್ನು ಕೆಲಸಕ್ಕೆ ಸೇರಿಸಿದ ನಮ್ಮ ಕೇಂದ್ರಕ್ಕೆ ಫೋನ್ ಮಾಡಿದ್ದರು. ನಾನು ಹಕ್ಕುಗಳ ಕರಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಯುದ್ಧಕ್ಕೇ ಹೊರಟೆ. ಸಮಾಜ ಬದಲಾಗಬೇಕು ಎಂದು ಶುರುಮಾಡುವಷ್ಟರಲ್ಲಿ ಇಕ್ಕ, "ಸಮಾಜ ಆಮೇಲೆ ಬದಲಾಗ್ಲಿ ಮಗಳೇ, ಮೊದ್ಲು ಆ ಗಿರಾಕಿಗೆ ದಾರಿ ಬಿಡು" ಎಂದರು.

ಆಗ ಅನ್ಸಿಲ್ ತಾನೇ ಬಾಯಿಬಿಟ್ಟ. "ಇಕ್ಕಾ, ನಂಗೆ ಮನಸ್ಸಿನ ಕಾಯಿಲೆ ಇದೆ. ರಾತ್ರಿ ಮಾತ್ರೆ ತಗೊಂಡ್ರೆ ಬೆಳಿಗ್ಗೆ ಏಳೋಕೇ ಆಗಲ್ಲ."

ಇಕ್ಕ ಸೌಟು ಕೆಳಗಿಟ್ಟರು. "ಅಷ್ಟೇನಾ? ರಾತ್ರಿಯೆಲ್ಲ ಫುಟ್‌ಬಾಲ್ ನೋಡ್ತೀಯ ಅಂದ್ಕೊಂಡಿದ್ನಲ್ಲೋ ಕಳ್ಳಾ! ಹತ್ತಕ್ಕೆ ಬಾ. ಸಂಜೆ ಹಲ್ವ ಕಾಯಿಸೋ ಉರುಳಿ ಪಾತ್ರೆ ತೊಳೆದು ಅಂಗಡಿ ಮುಚ್ಚೋದು ನಿಂದು."

ಕರಪತ್ರಗಳು ಚೀಲದಲ್ಲೇ ಉಳಿದವು. ಸಮಾಜ ಬದಲಾಗಬೇಕೆಂಬ ಮಾತನ್ನು ನಾನೇನೂ ಬಿಟ್ಟಿಲ್ಲ. ಆದರೆ ಅಲ್ಲೇ ನಿಂತು ನಕ್ಕುಬಿಟ್ಟೆ.

ಕಾಯಿಲೆಯ ವಿಷಯ ಯಾರಿಗೂ ಹೇಳಬಾರದೆಂದು ನೀವು ಅವನಿಂದ ಆಣೆ ಮಾಡಿಸಿದ್ದಿರಿ. ಮುರಿದನೆಂದು ಬೈಯಬೇಡಿ. ನಾಳೆಯಿಂದ ನಸುಕಿನಲ್ಲಿ ಎಬ್ಬಿಸಲೂಬೇಡಿ. ಅವನು ಆಸ್ಪತ್ರೆ ಸೇರಿದಾಗ ನೀವು ಅಟ್ಟಕ್ಕೆ ಹಾಕಿದ ಹನ್ನೆರಡನೇ ತರಗತಿಯ ಪುಸ್ತಕಗಳನ್ನು ಇಳಿಸಿ, ಧೂಳು ಒರೆಸಿಡಿ. ಮಧ್ಯಾಹ್ನ ಗಿರಾಕಿಗಳು ಕಡಿಮೆಯಿರುವಾಗ ಓದುತ್ತಾನಂತೆ. ಇದು ನಾನು ಹೇಳಿಕೊಟ್ಟದ್ದಲ್ಲ ಉಮ್ಮಾ, ಅವನೇ ಕೇಳಿದ್ದು.

ನಿಮ್ಮ ಮನೆಯ ಚಹಾ ಕುಡಿಯಲು ಶುಕ್ರವಾರ ಬರುವ,
ಜಿಸ್ನಾ