ನನಗೆ ಮದುವೆ ಮಾಡಿಸಿದ ಮೇಷ್ಟ್ರಿಗೆ

ಮೇಷ್ಟ್ರೇ,

‘ಪೂಜ್ಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ನೀವು ತೀರಿಹೋಗಿ ಐದು ತಿಂಗಳಾಯಿತು. ಮೊದಲ ನಾಲ್ಕು ತಿಂಗಳು ನಿಮ್ಮನ್ನು ನೆನೆದು ಅತ್ತೆ. ಈ ಒಂದು ತಿಂಗಳಿಂದ ನಿಮ್ಮ ಮೇಲಿನ ಸಿಟ್ಟಿಗೆ ಅಳುತ್ತಿದ್ದೇನೆ. ಎದುರಿಗಿದ್ದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಈಗ ಯಾರ ಹತ್ತಿರ ಆಡಲಿ?

ಹೊಳೆನರಸೀಪುರದ ನಿಮ್ಮ ಕಂಪ್ಯೂಟರ್ ಸೆಂಟರಿಗೆ ನಾನು ಬಂದ ಮೊದಲ ದಿನ ನೆನಪಿದೆಯೇ? ಬಿ.ಎಸ್ಸಿ ಮುಗಿಸಿ, ಟೈಪಿಂಗ್ ಹೇಳಿಕೊಡುವ ಕೆಲಸಕ್ಕೆಂದು ಅರಕಲಗೂಡಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದೆ. ನೀವು ಮೂಲೆಯ ಮೆಷೀನಿನಲ್ಲಿ ಲಿನಕ್ಸ್ ಹಾಕಿಕೊಂಡು, ಇಡೀ ಕಂಪ್ಯೂಟರನ್ನು ನಡೆಸುವ ಅದರ ಕರ್ನಲ್ಲನ್ನು ಸಾಲು ಸಾಲಾಗಿ ಓದುತ್ತಿದ್ದಿರಿ. ‘ಇದು ಯಾರಪ್ಪನ್ ಸ್ವತ್ತೂ ಅಲ್ಲ ಕಣಮ್ಮ. ಯಾರ್ ಬೇಕಾರೂ ಓದ್ಬೋದು, ತಪ್ಪಿದ್ರೆ ತಿದ್ದಿ ಕಳುಸ್ಬೋದು’ ಅಂದಿರಿ. ನನ್ನಂಥವಳೂ ಕಳಿಸಬಹುದಾ ಎಂದು ಕೇಳಿದೆ. ‘ಅಲ್ಲಿ ನಿನ್ ಮಕ ಯಾರು ನೋಡ್ತಾರೆ? ನೀನ್ ಬರ್ದಿರೋ ಸಾಲು ನೋಡ್ತಾರೆ, ಅಷ್ಟೇಯ.’ ಆ ಮಾತು ಕೇಳಿ ನಾನು ಅರಕಲಗೂಡಿಗೆ ಹೇಗೆ ವಾಪಸ್ ಹೋದೆನೋ, ಕಾಲು ನೆಲದ ಮೇಲಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನೀವು, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಬರೆದು ತೋರಿಸಿದಿರಿ. ಫೈಲಿನ ಹೆಸರು ಇರುವುದು ಒಂದು ಕಡೆ. ಅದು ಎಷ್ಟು ದೊಡ್ಡದು, ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಂಬ ವಿವರ ಇರುವುದು ಇನೋಡ್ ಎಂಬ ಇನ್ನೊಂದು ಕಡೆ. ‘ಅಳಿಸಿದರೆ ಎಲ್ಲಾ ಹೋಗುತ್ತಾ ಮೇಷ್ಟ್ರೇ?’ ಅಂದೆ. ‘ಮನೆ ಮುಂದ್ಲ ಬೋರ್ಡ್ ಕಿತ್ತಾಕುದ್ರೆ ಮನೆ ಬಿದ್ದೋಯ್ತದಾ? ಆ ಜಾಗದಲ್ಲಿ ಇನ್ನೊಬ್ರು ಕಟ್ಟೋಗಂಟ ಅಂಗೇ ಇರ್ತದೆ.’ ಇಷ್ಟು ಸರಳವಾಗಿ ಹೇಳಿಕೊಡುವವರು ನನಗೆ ಮತ್ತೆ ಸಿಗಲಿಲ್ಲ. ಸಿಟ್ಟಿನಲ್ಲೂ ಇದನ್ನು ಒಪ್ಪುತ್ತೇನೆ.

ಕರ್ನಲ್ಲಿನಲ್ಲಿ ನನಗೆ ಆ ತಪ್ಪು ಸಿಕ್ಕ ದಿನ ನಿಮಗಿಂತ ಜೋರಾಗಿ ಕುಣಿದವರು ಯಾರು? ತುಂಬಿದ ಫ್ಲಾಪಿಯಲ್ಲಿ ಹೊಸ ಡೈರೆಕ್ಟರಿ ಮಾಡಲು ಹೋದರೆ ಜಾಗವಿಲ್ಲ ಎನ್ನುತ್ತಿತ್ತು, ಅದು ಸರಿ. ಆದರೆ ಅದಕ್ಕೆಂದು ಎತ್ತಿಕೊಂಡ ಇನೋಡನ್ನು ವಾಪಸ್ ಬಿಡುತ್ತಿರಲಿಲ್ಲ, ಬಸ್ಸೇ ಹತ್ತದವನ ಟವೆಲ್ಲು ಸೀಟಿನ ಮೇಲೆ ಉಳಿದ ಹಾಗೆ. ಮೂರು ವಾರ ಕೂತು ನಾಲ್ಕು ಸಾಲಿನ ತಿದ್ದುಪಡಿ ಬರೆದೆ. ನೀವೇ ಎರಡು ಸಲ ಓದಿ ಸರಿಯಿದೆ ಅಂದಿರಿ.

ಕರ್ನಲ್ ನೋಡಿಕೊಳ್ಳುವವರಿಗೆ ಅದನ್ನು ಮೇಲ್ ಮಾಡಬೇಕಿತ್ತು, ಇಂಟರ್ನೆಟ್ ಇದ್ದದ್ದು ಹಾಸನದಲ್ಲಿ. ಶನಿವಾರ ನನ್ನ ಫ್ಲಾಪಿಯನ್ನು ಅಂಗಿ ಜೇಬಿಗಿಟ್ಟುಕೊಂಡು ನೀವು ಬಸ್ಸು ಹತ್ತಿದಿರಿ. ತಿದ್ದುಪಡಿಯ ಕೆಳಗೆ ನನ್ನ ಹೆಸರು, ಮೇಲ್ ವಿಳಾಸ ನಿಮ್ಮದು. ಮುಂದಿನ ಶನಿವಾರ, ಅದರ ಮುಂದಿನ ಶನಿವಾರ, ನೀವು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದೆ. ‘ಏನೂ ಬಂದಿಲ್ಲ ಕಣಮ್ಮ. ದೊಡ್ಡೋರು, ನಮ್ಮಂತೋರ್ ಕಾಗ್ದ ಯಾಕ್ ಓದಾರು?’ ಆರನೇ ವಾರ ನಾನು ಕೇಳುವುದನ್ನು ಬಿಟ್ಟೆ. ನನ್ನ ಯೋಗ್ಯತೆ ಇಷ್ಟೇ ಎಂದುಕೊಂಡು ಕರ್ನಲ್ ಓದುವುದನ್ನೂ ಬಿಟ್ಟೆ. ಏಳು ವರ್ಷ, ಮೇಷ್ಟ್ರೇ. ಏಳು ವರ್ಷ ಟೈಪಿಂಗ್ ಹೇಳಿಕೊಟ್ಟೆ.

ಹೋದ ತಿಂಗಳು ನಿಮ್ಮ ಮನೆಯವರು ರತ್ನಕ್ಕ ಆ ಹಳೇ ಮೆಷೀನನ್ನು ಅಟ್ಟದಿಂದ ಇಳಿಸಿ ಕೊಟ್ಟರು. ‘ಅವ್ರು ಪಾಠ ಬರ್ದಿಟ್ಟಿದ್ರಂತೆ. ಸಿಕ್ಕುದ್ರೆ ಅಚ್ಚಾಕ್ಸಾನ, ನೋಡವ್ವ’ ಅಂದರು. ಪಾಠದ ಡೈರೆಕ್ಟರಿ ಖಾಲಿಯಿತ್ತು. ಅಳಿಸಿಹೋಗಿರಬೇಕೆಂದು, ನೀವು ಕಲಿಸಿದಂತೆಯೇ, ಹೆಸರು ಕಳೆದುಕೊಂಡ ಇನೋಡುಗಳನ್ನು ಒಂದೊಂದಾಗಿ ಹುಡುಕಿದೆ. ಪಾಠ ಸಿಗಲಿಲ್ಲ. ಹಾಸನದಿಂದ ಫ್ಲಾಪಿಯಲ್ಲಿ ತಂದು, ಆಮೇಲೆ ನೀವು ಅಳಿಸಿದ್ದ ನಾಲ್ಕು ಮೇಲ್ ಸಿಕ್ಕವು.

ಮೊದಲನೆಯದು ಕರ್ನಲ್ಲಿನ ಆ ಭಾಗ ನೋಡಿಕೊಳ್ಳುವವರದು: ತಪ್ಪು ನಿಜ, ಚೆನ್ನಾಗಿ ಹಿಡಿದಿದ್ದೀರಿ, ಇಂಥದ್ದೇ ಇನ್ನೊಂದು ಕಡೆ ಇದೆ, ಅದನ್ನೂ ಸೇರಿಸಿ ಕಳಿಸಿ. ಎರಡನೆಯದೂ ಅವರದೇ: ಕಾಯುತ್ತಿದ್ದೇನೆ, ಇಲ್ಲಿ ಇನ್ನೂ ಕೆಲಸವಿದೆ, ಈಕೆ ಮಾಡುತ್ತಾರೆಯೇ? ಮೂರನೆಯದು ನಿಮ್ಮದು. ‘ಆ ಹುಡುಗಿಗೆ ಮದುವೆಯಾಯಿತು, ಈ ಕೆಲಸ ಬಿಟ್ಟಳು. ಆ ಕೆಲಸವನ್ನು ನಾನು ಮಾಡಬಹುದೇ?’ ನಾಲ್ಕನೆಯದರಲ್ಲಿ ಅವರು ನನ್ನ ಮದುವೆಗೆ ಶುಭಾಶಯ ಹೇಳಿ, ನೀವು ಬರೆದದ್ದು ಏನಾದರೂ ಇದ್ದರೆ ಕಳಿಸಿ ಎಂದಿದ್ದರು. ನೀವು ಏನಾದರೂ ಕಳಿಸಿದಿರಾ? ಕಳಿಸಿದ್ದರೆ ಅದಾದರೂ ಸಿಗುತ್ತಿತ್ತು…

ನಿಮ್ಮ ಮೇಲ್ ಹೋದದ್ದು ಒಂದು ಶನಿವಾರ. ಸೋಮವಾರ ನನ್ನ ಡಬ್ಬಿಯ ಚಿತ್ರಾನ್ನ ತಿಂದು, ಕೈ ತೊಳೆದು, ‘ಬ್ಯಾಸರ ಮಾಡ್ಕಬ್ಯಾಡ’ ಅಂದವರು ನೀವೇ ಅಲ್ಲವೇ? ನಮ್ಮಮ್ಮ ಜಾತಕ ಹಿಡಿದು ಹಾಸನ, ಚನ್ನರಾಯಪಟ್ಟಣ ಸುತ್ತಿದರೂ ಆಗದ್ದನ್ನು ನೀವು ಒಂದೇ ಸಾಲಿನಲ್ಲಿ ಮಾಡಿ ಮುಗಿಸಿದಿರಿ. ಸತ್ತಳು ಎಂದಿದ್ದರೆ ಹೇಗೆ, ಏನು ಎಂದಾದರೂ ಯಾರೋ ವಿಚಾರಿಸುತ್ತಿದ್ದರು. ಮದುವೆಯಾಯಿತು ಎಂದರೆ ಮುಂದೆ ಯಾರೂ ಕೇಳುವುದಿಲ್ಲ. ಅದು ನಿಮಗೆ ಗೊತ್ತಿತ್ತು. ಕೆಲಸ ಬೇಕಿದ್ದರೆ ನನ್ನನ್ನೇ ಕೇಳಬಾರದಿತ್ತೇ? ಇಬ್ಬರೂ ಸೇರಿ ಮಾಡುತ್ತಿದ್ದೆವು. ನಿಮ್ಮ ಹೆಸರೇ ಮೊದಲು ಬರೆಯುತ್ತಿದ್ದೆ.

ಇನ್ನು ನೀವು ಕೇಳದ ಸುದ್ದಿ. ಮೂರು ವಾರದ ಹಿಂದೆ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ನನ್ನದೇ ಮೇಲ್ ವಿಳಾಸ ಮಾಡಿಕೊಂಡು, ಆ ಭಾಗ ನೋಡಿಕೊಳ್ಳುವವರಿಗೆ ಬರೆದೆ. ‘ಆ ಹುಡುಗಿ ನಾನು. ನನಗೆ ಮದುವೆಯಾಗಿರಲಿಲ್ಲ, ಈಗಲೂ ಆಗಿಲ್ಲ. ಕೆಲಸವಿದೆಯೇ?’ ಹಳೇ ತಪ್ಪನ್ನು ಅವರೇ ಯಾವತ್ತೋ ಸರಿಮಾಡಿದ್ದರು. ಬೇರೊಂದು ಸಣ್ಣ ಕೆಲಸ ಕೊಟ್ಟರು. ನಾನು ಬರೆದದ್ದನ್ನು ಎರಡು ಸಲ ತಿದ್ದಿಸಿ, ನಿನ್ನೆ ನನ್ನ ಹೆಸರಿನಲ್ಲೇ ಕರ್ನಲ್ಲಿಗೆ ಸೇರಿಸಿಕೊಂಡರು. ರತ್ನಕ್ಕನಿಗೆ ನಾನೇನೂ ಹೇಳಿಲ್ಲ, ಹೇಳುವುದೂ ಇಲ್ಲ. ಪಾಠ ಸಿಗಲಿಲ್ಲ ಎಂದಷ್ಟೇ ಅವರಿಗೆ ಗೊತ್ತು.

ಕೆಲಸ ಕೊಟ್ಟವರು ಕೊನೆಯಲ್ಲಿ ಒಂದು ಮಾತು ಕೇಳಿದ್ದರು: ಅಷ್ಟು ದೂರದ ಊರಿನಲ್ಲಿ ನಿಮಗೆ ಇದನ್ನೆಲ್ಲ ಯಾರು ಕಲಿಸಿದರು? ‘ಯಾರೂ ಇಲ್ಲ, ನಾನೇ ಓದಿಕೊಂಡು ಕಲಿತೆ’ ಎಂದು ಬರೆದೆ. ಸುಳ್ಳು ಅಂತ ನನಗೆ ಗೊತ್ತು, ಮೇಷ್ಟ್ರೇ. ಗೊತ್ತಿದ್ದೇ ಕಳಿಸಿದೆ.

ಶಾರದ