ಮೀಟರಿನ ಕೆಳಗೆ ಸವೆದ ಬಣ್ಣ

ಮನೆಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರಂತೆ, ಕೋಲು ಹಿಡಿದು ಬಾಲ್ಕನಿಯವರೆಗೆ ನಡೆದಿರಂತೆ, ನಾದಿನಿ ಫೋನಿನಲ್ಲಿ ಹೇಳಿದಳು. ವ್ಯಾಯಾಮ ಮಾಡಿಸಲು ಬರುವ ಹೆಂಗಸಿಗೆ "ನಿನ್ನ ಮಂಡಿ ಆಗಿದ್ರೆ ಹೀಗೆ ಬಗ್ಗಿಸ್ತಿದ್ದೆಯಾ?" ಎಂದು ಗದರಿಸಿದ್ದೂ ಗೊತ್ತಾಯಿತು. ಬೈಯುವುದಾದರೆ ಬೈಯಿರಿ, ಬಗ್ಗಿಸುವುದನ್ನು ಮಾತ್ರ ಬಿಡಬೇಡಿ. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮಗ ಎರಡು ಸಲ ಹಾಲು ಉಕ್ಕಿಸಿ, ನಿಮ್ಮ ಮೆಚ್ಚಿನ ಪಾತ್ರೆಯ ತಳವನ್ನು ಶಾಶ್ವತವಾಗಿ ಕಪ್ಪು ಮಾಡಿ, ಈಗ ಅಡುಗೆಯಲ್ಲಿ ಕೈ ಪಳಗಿಸಿಕೊಂಡಿದ್ದಾರೆ. ಪಾತ್ರೆಯ ವಿಷಯ ನಾನು ಹೇಳಿದೆನೆಂದು ಹೇಳಬೇಡಿ. ಫೋನಿನಲ್ಲಿ ಹೇಳಲಾಗದ ದೊಡ್ಡ ಸುದ್ದಿಯೊಂದಿದೆ. ಫೋನು ಎತ್ತಿದರೆ ಮಾವ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಒಂದು ಪೆಟ್ಟಿಗೆ ತುಂಬ ನಾನೇ ಮಾಡಿದ ಪುಟ್ಟ ವಿಮಾನಗಳನ್ನು ತಂದಿದ್ದೆನಲ್ಲ? ನೀವು ನನ್ನನ್ನು ಪಕ್ಕಕ್ಕೆ ಕರೆದು "ನಿಮ್ಮ ಮಾವನ ಕಣ್ಣಿಗೆ ಬೀಳದ ಹಾಗೆ ಇಟ್ಕೋಮ್ಮ, ವಿಮಾನದ ಮಾತು ಈ ಮನೇಲಿ ಬೇಡ" ಅಂದಿರಿ. ಒಂಬತ್ತು ವರ್ಷ ಆ ಮಾತು ಮೀರಲಿಲ್ಲ. ಹಗಲು ಲ್ಯಾಬಿನಲ್ಲಿ ಜನರಿಗೆ ಕಟ್ಟುಹಲ್ಲು ಮಾಡುವುದು, ಸಂಜೆ ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ನನ್ನ ವಿಮಾನ. ಅದೇ ಅರ, ಅದೇ ಕುಂಚ, ಅದೇ ಭೂತಗನ್ನಡಿ. ಡಿಸೆಂಬರಿನಲ್ಲಿ ವಿಮಾನ ವಸ್ತುಸಂಗ್ರಹಾಲಯದವರು ಅಂಚೆ ವಿಮಾನದ ಮಾದರಿಯೊಂದು ಬೇಕು ಎಂದರು. ಅಸಲು ವಿಮಾನ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು, ಉಳಿದದ್ದು ಫೋಟೊಗಳು ಮಾತ್ರ. ಅದು ಮಾವ ಹಾರಿಸುತ್ತಿದ್ದ, ಹೊಲದಲ್ಲಿ ಇಳಿಸಿ ರೆಕ್ಕೆ ಮುರಿದ, ಅವರ ಲೈಸೆನ್ಸನ್ನೇ ತಿಂದ ವಿಮಾನ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ನಿಮಗೆ ಹೇಳಲಿಲ್ಲ. ಆ ತಪ್ಪು ನನ್ನದೇ, ವಕಾಲತ್ತು ಮಾಡುವುದಿಲ್ಲ. ನನಗಿಂತ ಚೆನ್ನಾಗಿ ಇನ್ನೊಬ್ಬರು ಅದನ್ನು ಮಾಡಲಾರರು ಎಂಬ ಸೊಕ್ಕೂ ಇತ್ತು.

ಪೈಲಟ್ ಕೂರುವ ಕಾಕ್‌ಪಿಟ್ ನನ್ನ ಮಾದರಿಯಲ್ಲಿ ಎರಡು ಬೆಂಕಿಪೊಟ್ಟಣದಷ್ಟು. ಹೊಸದಾಗಿ ಮಾಡುವುದು ಯಾರ ಕೈಲೂ ಆದೀತು, ಹಳೆಯದಾಗಿ ಮಾಡುವುದೇ ವಿದ್ಯೆ. ಮೊದಲು ಬೆಳ್ಳಿಬಣ್ಣ, ಅದರ ಮೇಲೆ ಬೂದುಹಸಿರು. ಒಣಗಿದ ಮೇಲೆ ಹಲ್ಲುಕಡ್ಡಿಯಿಂದ ಅಲ್ಲಲ್ಲಿ ಕೆರೆದರೆ ಒಳಗಿನ ಲೋಹ ಇಣುಕಿದ ಹಾಗೆ ಕಾಣುತ್ತದೆ. ತೆಳ್ಳಗೆ ಮಾಡಿದ ಕಂದುಬಣ್ಣವನ್ನು ಸಂದುಗಳಿಗೆ ಹರಿಸಿ ಒರೆಸಿದರೆ ವರ್ಷಗಟ್ಟಲೆ ಕೂತ ಕೊಳೆ, ತುಕ್ಕು ಸಿದ್ಧ. ಮೆಣಸಿನಕಾಳಿನಷ್ಟು ಮೀಟರುಗಳ ಮೇಲೆ ಒಂದೊಂದು ಹನಿ ವಾರ್ನಿಷ್ ಬಿಟ್ಟರೆ ಅದೇ ಗಾಜು. ಜನವರಿ ಕೊನೆಗೆ ಎಲ್ಲ ಮುಗಿಸಿ, ಬೆನ್ನು ನಾನೇ ತಟ್ಟಿಕೊಂಡು ಕೂತಿದ್ದೆ.

ಅಷ್ಟರಲ್ಲಿ ನೀವು ಆಪರೇಷನ್ನಿಗೆಂದು ನಾದಿನಿಯ ಮನೆಗೆ ಹೊರಟಿರಿ. ನೀವಿದ್ದಾಗ ಮಾವ ಹಿಂದಿನ ಕೋಣೆಗೆ ಕಾಲಿಟ್ಟವರಲ್ಲ. ಈಗ ತಮ್ಮ ಅಂಗಿ ತಾವೇ ಒಗೆಯುವ ಹಟ ಹಿಡಿದು ಒಂದು ಮಧ್ಯಾಹ್ನ ಬಟ್ಟೆ ಹೊತ್ತು ಬಂದೇಬಿಟ್ಟರು. ಮುಚ್ಚಿಡಲು ಸಮಯವಿರಲಿಲ್ಲ. ಅವರು ಅಂಗಿಗಳನ್ನು ಕಂಕುಳಲ್ಲಿ ಅವುಚಿಕೊಂಡೇ ಬಗ್ಗಿ ಮಾದರಿಯ ಕಾಕ್‌ಪಿಟ್ಟಿನೊಳಗೆ ಬಹಳ ಹೊತ್ತು ನೋಡಿದರು. "ನೆಲದ ಮೇಲೆ ಇದೇನಮ್ಮಾ ಕಂದು?" ಎಂದರು. ತುಕ್ಕು ಅಂದೆ. "ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಸಿದ ಮೊದಲನೇ ಹೆಂಗಸು ನೀನೇ ಇರ್ಬೇಕು!" ನನ್ನ ಸೊಕ್ಕೆಲ್ಲ ಜರ್ರನೆ ಇಳಿಯಿತು. ಆಮೇಲೆ ಬಕೆಟ್ಟು ಬೋರಲು ಹಾಕಿ ಕೂತೇಬಿಟ್ಟರು. "ಸೀಟಿನ ಮಧ್ಯ ಯಾಕೆ ಸವೆಸಿದ್ದೀಯಾ? ಸವೆಯೋದು ಹತ್ತಿ ಇಳಿಯೋ ಅಂಚು. ಪೆಡಲಿನ ಮುಂದೆ ಕೆರೆದಿದ್ದೀಯಲ್ಲ, ಹಿಮ್ಮಡಿ ಊರೋದು ಹಿಂದೆ. ಇದು ಯಾರೂ ಹಾರಿಸದೇ ಇರೋ ವಿಮಾನ ಕಣಮ್ಮಾ." ಅತ್ತೆ, ಒಂಬತ್ತು ವರ್ಷದಲ್ಲಿ ನನ್ನೊಡನೆ ಅವರು ಒಟ್ಟಿಗೇ ಅಷ್ಟು ಮಾತಾಡಿದ್ದು ಅದೇ ಮೊದಲು. ಮಾರನೆಯ ದಿನ ನಾಲ್ಕು ಗಂಟೆಗೆ ಒಗೆಯಲು ಒಂದು ಕರ್ಚೀಫೂ ಇಲ್ಲದೆ ಬಂದರು. ಆಮೇಲೆ ದಿನಾ ಬಂದರು. ನಾನು ಎಲ್ಲ ಬಣ್ಣ ತೆಗೆದು ಮೊದಲಿನಿಂದ ಶುರು ಮಾಡಿದೆ.

ವಸ್ತುಸಂಗ್ರಹಾಲಯದವರು ಕೊಟ್ಟ ಕಾಕ್‌ಪಿಟ್ಟಿನ ಫೋಟೊದಲ್ಲಿ ಒಂದು ಗುರುತು ನನಗೆ ಕಂಡದ್ದು ಎರಡನೇ ವಾರ. ಪೆಟ್ರೋಲ್ ಮೀಟರಿನ ಕೆಳಗೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಬಣ್ಣವೇ ಇಲ್ಲ, ಬರೀ ಲೋಹ ಹೊಳೆಯುತ್ತಿದೆ. ಉಳಿದ ಒಂಬತ್ತು ಮೀಟರುಗಳ ಸುತ್ತ ಬಣ್ಣ ಒಂದಿಷ್ಟೂ ಕದಲಿಲ್ಲ. ಇಲ್ಲೇನಾಗಿತ್ತು ಮಾವ ಎಂದು ಕೇಳಿದೆ. ಅವರು ಬೆರಳು ಮಡಿಸಿ ಗೆಣ್ಣಿನಿಂದ ಮೇಜನ್ನು ಮೂರು ಸಲ ಕುಟ್ಟಿದರು. "ಮುಳ್ಳು ಸಿಕ್ಕಿಕೊಳ್ತಿತ್ತು. ಕುಟ್ಟಿದ್ರೆ ಸರಿಹೋಗ್ತಿತ್ತು. ತಿಂಗಳುಗಟ್ಟಲೆ ಕುಟ್ಟಿದ್ದೀನಿ. ಆವತ್ತು ಪೈಪು ಸೋರಿ ಟ್ಯಾಂಕ್ ಖಾಲಿ ಆಗ್ತಿದ್ರೂ ಮುಳ್ಳು ಅರ್ಧದಲ್ಲೇ ನಿಂತಿತ್ತು, ಕುಟ್ಟಿದ್ರೂ ಅಲ್ಲಾಡ್ಲಿಲ್ಲ." ಮೆಕ್ಯಾನಿಕ್‌ಗೆ ಇವರು ಮೊದಲೇ ಹೇಳಿದ್ದರಂತೆ, ಅವನು ಆಫೀಸಿಗೆ ಬರೆದೂ ಕೊಟ್ಟಿದ್ದನಂತೆ. ವಿಚಾರಣೆಯ ಹೊತ್ತಿಗೆ ಆ ಕಾಗದ ಕಾಣೆ, ಮೆಕ್ಯಾನಿಕ್‌ಗೆ ದೂರದೂರಿಗೆ ವರ್ಗ. ಮೀಟರ್ ಸರಿಯಿತ್ತು, ಪೈಲಟ್ಟೇ ಅದರತ್ತ ಕಣ್ಣು ಹಾಯಿಸಲಿಲ್ಲ ಎಂದು ಬರೆದು ಮುಗಿಸಿದರು. ಫೋಟೊದ ಹಿಂಬದಿಯಲ್ಲಿ ತಾರೀಖಿತ್ತು ಅತ್ತೆ. ಅಪಘಾತಕ್ಕೆ ಎರಡು ತಿಂಗಳು ಮೊದಲು ತೆಗೆದದ್ದು!

ನಾನು ಸುಮ್ಮನಿರುವವಳೇ? ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಮಾದರಿಯ ಪಕ್ಕಕ್ಕೆಂದು ಬರೆಸಿದ ಫಲಕದಲ್ಲಿ "ಪೈಲಟ್‌ನ ಅಜಾಗರೂಕತೆಯಿಂದ" ಎಂದಿತ್ತು. ಫೋಟೊ ಹಿಡಿದು ಹೋದೆ. "ಬಣ್ಣ ಸವೆದದ್ದೆಲ್ಲ ಸಾಕ್ಷಿ ಆಗಲ್ಲ ಮೇಡಂ" ಎಂದರು. "ಸಾರ್, ಕಟ್ಟುಹಲ್ಲಿನ ಸವೆತ ನೋಡಿ ಅವರು ಯಾವ ಕಡೆ ಅಗಿಯುತ್ತಾರೆ ಅಂತ ಹೇಳ್ತೀನಿ, ಅದೇ ನನ್ನ ಅನ್ನ. ಒಂದು ದಿನದ ಕೆಲಸಕ್ಕೆ ಹೀಗೆ ಸವೆಯಲ್ಲ" ಎಂದೆ. ಅವರು ಜಗ್ಗಲಿಲ್ಲ, ಕಾಗದವನ್ನೋ ಮನುಷ್ಯನನ್ನೋ ತನ್ನಿ ಎಂದರು. ಎರಡನ್ನೂ ತಂದೆ. ನಿವೃತ್ತರ ಸಂಘಕ್ಕೆ ಹದಿನಾರು ಫೋನ್ ಮಾಡಿ ಆ ಮೆಕ್ಯಾನಿಕ್ಕನ್ನು ಹುಡುಕಿದೆ. ಮೊನ್ನೆ ಶುಕ್ರವಾರ, ಪ್ರದರ್ಶನ ತೆರೆಯುವ ದಿನ, ಆರು ತಾಸು ಬಸ್ಸಿನಲ್ಲಿ ಕೂತು ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಕಿವಿ ಮಂದ, ಗಂಟಲು ಮಾತ್ರ ಎಂಜಿನ್. ಮಾದರಿಯ ಮೀಟರಿನ ಕೆಳಗೆ ನಾನು ಕೆರೆದಿದ್ದ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ಬಗ್ಗಿ ನೋಡಿದವರೇ "ಅಯ್ಯೋ, ಕ್ಯಾಪ್ಟನ್ ಕುಟ್ಟಿದ ಜಾಗ!" ಎಂದು ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದರು. ಜೇಬಿನಿಂದ ಆಗ ಆಫೀಸಿಗೆ ಬರೆದ ಕಾಗದದ ಕಾರ್ಬನ್ ಪ್ರತಿ ತೆಗೆದರು. ಮೂರು ಸಲ ಬರೆದಿದ್ದರಂತೆ, ಉಳಿದದ್ದು ಇದೊಂದೇ. ಯಾರೂ ತಮ್ಮನ್ನು ಕರೆದು ಕೇಳಲೇ ಇಲ್ಲವಲ್ಲ ಎಂದು, ನನ್ನ ಜೊತೆ ಬಂದಿದ್ದ ಮಾವನ ಕೈ ಹಿಡಿದು ಅತ್ತುಬಿಟ್ಟರು.

ಮೇಲ್ವಿಚಾರಕರು ಆಗಲೇ ಫಲಕ ಕಳಚಿಸಿದರು, ಅದು ಅವರ ದೊಡ್ಡತನ. ಈಗಿನದರಲ್ಲಿ "ಮೀಟರಿನ ದೋಷವನ್ನು ಪೈಲಟ್ ಮೊದಲೇ ತಿಳಿಸಿದ್ದರು" ಎಂದಿದೆ. ನಿನ್ನೆ ಮತ್ತೆ ಹೋಗಿ ಮಾವ ಅದನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡರು, "ಇಲ್ಲಿ ಟೀ ಎಲ್ಲಿ ಸಿಗುತ್ತೆ?" ಎಂದರು. ಅಷ್ಟೇ. ಆದರೆ ಮೆಟ್ಟಿಲು ಇಳಿಯುವಾಗ ಅವರ ಬೆನ್ನು ನೆಟ್ಟಗಿತ್ತು, ನೀವು ನೋಡಬೇಕಿತ್ತು.

ನಾದಿನಿಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನಿಮ್ಮ ಮಂಡಿ ಬೇಗ ನಿಮ್ಮ ಮಾತು ಕೇಳುವಂತಾಗಲಿ. ಮುಚ್ಚಿಟ್ಟದ್ದಕ್ಕೆ ಬೈಯುವುದಿದ್ದರೆ ಬಂದ ಮೇಲೆ ಎದುರಿಗೇ ಬೈಯಿರಿ, ತಲೆ ತಗ್ಗಿಸಿ ನಿಲ್ಲುತ್ತೇನೆ.

ಇಂತಿ,
ನಿಮ್ಮ ಹಲ್ಲು ಸೊಸೆ

ತಾಜಾ ಕಲಂ: ಕಾಗದ ಮಡಿಸುತ್ತಿದ್ದಾಗ ಮಾವ ಬಾಗಿಲಿಗೆ ಬಂದು "ನಿಮ್ಮತ್ತೆಗಾ? ಒಂದು ಮಾತು ಕೇಳು" ಎಂದರು. "ಬೇಡ ಬಿಡು" ಎಂದು ಹೋದರು. ಮತ್ತೆ ಬಂದರು. ವಿಚಾರಣೆ ಮುಗಿಸಿ ಮನೆಗೆ ಬಂದ ದಿನ ನೀವು ಒಂದು ಮಾತೂ ಕೇಳದೆ ಊಟ ಬಡಿಸಿದಿರಂತೆ. ಅವರನ್ನು ನಂಬಿದ್ದರಿಂದ ಕೇಳಲಿಲ್ಲವೋ, ನಂಬದೇ ಇದ್ದುದರಿಂದ ಕೇಳಲಿಲ್ಲವೋ, ಇಪ್ಪತ್ತೇಳು ವರ್ಷದಿಂದ ಅವರಿಗೆ ಗೊತ್ತಾಗಿಲ್ಲವಂತೆ. ಉತ್ತರವನ್ನು ನನಗೆ ಬರೆಯಬೇಡಿ ಅತ್ತೆ, ಅವರ ಹೆಸರಿಗೇ ಬರೆಯಿರಿ.